ಸ್ವಿಚ್ ಯಾವ ಕಡೆಗಿತ್ತು?

ಮೇ ತಿಂಗಳ ಗಾಳಿ ನಮ್ಮ ಕಡೆ ಹೇಳಿ ಕೇಳಿ ಬರುವುದಿಲ್ಲ. ಹಗಲೆಲ್ಲ 42, 43 ಡಿಗ್ರಿ ಬಿಸಿಲು. ಸಂಜೆ ಪಡುವಣದ ಕಡೆ ಕೆಂಪಗೆ ಧೂಳು ಎದ್ದಿತೆಂದರೆ ಒಣಹಾಕಿದ ಬಟ್ಟೆ ತರೋದಕ್ಕೂ ಪುರುಸೊತ್ತಿರುವುದಿಲ್ಲ. ಹೋದ ಬೇಸಿಗೆಯಲ್ಲಿ ಅಂಥದ್ದೇ ಒಂದು ಗಾಳಿಗೆ ನಮ್ಮ ಕೊಟ್ಟಿಗೆ ಮುಂದಿನ ಬೇವಿನ ಗಿಡ ಬುಡಸಮೇತ ಉರುಳಿತು. ಗಿಡ ಅಂದರೆ ತುಳಸಿ ಗಿಡದಷ್ಟು ಅಂದ್ಕೋಬೇಡಿ. ಕಲಬುರಗಿ ಕಡೆ ಎಷ್ಟು ದೊಡ್ಡ ಮರವಾದರೂ ಅದು ಗಿಡವೇ. ಇದನ್ನು ತಬ್ಬಿ ಹಿಡಿಯಲು ನನ್ನ ಎರಡೂ ಕೈ ಸಾಲುತ್ತಿರಲಿಲ್ಲ.

ಪುಣ್ಯಕ್ಕೆ ಕೊಟ್ಟಿಗೆಗೆ ಏನೂ ಆಗಲಿಲ್ಲ. ಆದರೆ ಬಾಗಿಲಿಗೆ ಅಡ್ಡ ಬಿದ್ದಿತ್ತು. ಎತ್ತು ಒಳಗೆ, ಕಣಕಿ ಬಣವೆ ಹೊರಗೆ.

ನನ್ನ ಹತ್ತಿರ ಮಷೀನ್ ಇದೆ ಅನ್ನೋ ಧೈರ್ಯ ನನಗೆ. ಬದುವಿನ ಮೇಲಿನ ಬಳ್ಳಾರಿ ಜಾಲಿ ಕಡಿಯಲು ಎರಡು ವರ್ಷದ ಹಿಂದೆ 58 ಸಿಸಿಯ ಒಂದು ಚೈನ್ ಸಾ ತಂದಿದ್ದೆ. ಜಾಲಿ ಕಡಿದು ಮುಗಿದ ಮೇಲೆ ಅದು ಅಟ್ಟದ ಮೇಲೆ ಗೊಬ್ಬರದ ಚೀಲ ಹೊದ್ದು ಮಲಗಿತ್ತು. ಬೆಳಿಗ್ಗೆ ಆರಕ್ಕೇ ಇಳಿಸಿದೆ. ನೆಲಕ್ಕಿಟ್ಟು, ಹಿಂದಿನ ಹಿಡಿಯೊಳಗೆ ಬೂಟಿನ ತುದಿ ತೂರಿಸಿ, ಚೋಕ್ ಎಳೆದು, ಹಗ್ಗ ಜಗ್ಗಿದೆ. ಏನೂ ಇಲ್ಲ. ಇನ್ನೊಂದು ಸಲ. ಮತ್ತೊಂದು ಸಲ. ಹದಿನೈದು ಆಗುವಷ್ಟರಲ್ಲಿ ಅಂಗಿ ತೊಯ್ದು ಬೆನ್ನಿಗೆ ಅಂಟಿತ್ತು.

ಕಟ್ಟೆ ಮೇಲೆ ಕೂತಿದ್ದ ನಮ್ಮ ಕಾಕಾ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: “ಕೊಡ್ಲಿ ಹಿಡದಿದ್ರ ಇಷ್ಟೊತ್ತಿಗೆ ಎರಡು ಟೊಂಗಿ ಕೆಳಗ ಬೀಳ್ತಿದ್ವು ನೋಡಪ್ಪ.”

ಆಗ ಕಣ್ಣಿಗೆ ಬಿತ್ತು. ಕೆಂಪು ಸ್ವಿಚ್ ಆಫ್ ಇತ್ತು.

ಯಾರಿಗೂ ಕಾಣದ ಹಾಗೆ ಹೆಬ್ಬೆರಳಲ್ಲಿ ಒತ್ತಿ ಮತ್ತೆ ಜಗ್ಗಿದೆ. ಆದರೆ ಕೆಲಸ ಅಷ್ಟರಲ್ಲೇ ಕೆಟ್ಟಿತ್ತು. ಚೋಕ್ ಮುಚ್ಚಿದಾಗ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ಕಿಡಿ ಇಲ್ಲದೆ ಹದಿನೈದು ಸಲ ಜಗ್ಗಿದರೆ ಆ ಪೆಟ್ರೋಲ್ ಉರಿಯುವುದೆಲ್ಲಿ? ಪ್ಲಗ್ ಬಿಚ್ಚಿ ನೋಡಿದರೆ ಮಸಿ ಬಳಿದುಕೊಂಡು ತೊಟತೊಟ ಒದ್ದೆ. ಒರೆಸಿದೆ. ಮಷೀನ್ ಬೋರಲು ಮಾಡಿ, ಪ್ಲಗ್ ಇಲ್ಲದೆಯೇ ನಾಲ್ಕು ಸಲ ಹಗ್ಗ ಎಳೆದು ಒಳಗಿನದ್ದನ್ನು ಹೊರಗೆ ಹಾಕಿದೆ. ಆಮೇಲೆ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಸಿಲಿಂಡರಿಗೆ ತಾಗಿಸಿ ಎಳೆದೆ. ಚಟ್ ಅಂತ ನೀಲಿ ಕಿಡಿ ಬಂತು. ಏರ್ ಫಿಲ್ಟರಿನ ಧೂಳು ಝಾಡಿಸಿದೆ. ಪ್ಲಗ್ ಹಾಕಿ, ಚೋಕ್ ತೆರೆದು, ಎಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು ಜಗ್ಗಿದರೆ ಬಿಳಿ ಹೊಗೆ ಉಗುಳುತ್ತ ಚಾಲು ಆಯಿತು.

ಸಂಭ್ರಮ ಒಂದು ನಿಮಿಷದ್ದು. ಸುಮ್ನೆ ಬಿಟ್ಟರೆ ಗುರುಗುಟ್ಟುತ್ತದೆ. ರೇಸ್ ಕೊಟ್ಟ ತಕ್ಷಣ ಉಸಿರು ಕಟ್ಟಿದ ಹಾಗೆ ಬಂದ್. ಇಲ್ಲಿ ನಾನು ಆ ದಿನದ ದೊಡ್ಡ ತಪ್ಪು ಮಾಡಿದೆ. ಮೊಬೈಲಿನಲ್ಲಿ ಯಾವುದೋ ವಿಡಿಯೊ ಅರ್ಧ ನೋಡಿ, ಕಾರ್ಬೊರೇಟರಿನ ಎರಡು ಸ್ಕ್ರೂಗಳನ್ನು ಮನಸ್ಸಿಗೆ ಬಂದಷ್ಟು ತಿರುಗಿಸಿದೆ. ಮೊದಲು ಎಲ್ಲಿದ್ದವು ಅಂತ ಗುರುತೂ ಹಾಕಿಕೊಳ್ಳಲಿಲ್ಲ. ಆಮೇಲೆ ಅದು ಗುರುಗುಟ್ಟುವುದನ್ನೂ ನಿಲ್ಲಿಸಿತು.

ನಮ್ಮೂರು ಆಳಂದ ರಸ್ತೆಯಲ್ಲಿ, ಸೆಂಟ್ರಲ್ ಯೂನಿವರ್ಸಿಟಿ ಇರುವ ಕಡಗಂಚಿ ಹತ್ತಿರ. ಮಷೀನನ್ನು ಬೈಕಿಗೆ ಕಟ್ಟಿಕೊಂಡು ಕಲಬುರಗಿಗೆ ಹೊರಟೆ. ಗಂಜ್ ಕಡೆ ಒಂದು ಸಣ್ಣ ರಿಪೇರಿ ಅಂಗಡಿ ಇದೆ. ಸ್ಪ್ರೇ ಪಂಪು, ವೀಡರ್, ಚೈನ್ ಸಾ ಎಲ್ಲ ಅಲ್ಲಿಗೇ ಬರುತ್ತವೆ. ಅದನ್ನು ನಡೆಸುವ ಹಿರಿಯರನ್ನು ಎಲ್ಲರೂ ಚಾಚಾ ಅಂತಾರೆ.

ಚಾಚಾ ಹಗ್ಗ ಮುಟ್ಟಲೇ ಇಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುವಿ ಮೂಗು ಹತ್ತಿರ ಒಯ್ದರು. “ಈ ಪೆಟ್ರೋಲ್ ಯಾವಾಗಿಂದು ಬೇಟಾ?”

“ಹ್ವಾದ ವರ್ಷದ್ದು ರೀ ಚಾಚಾ. ಜಾಲಿ ಕಡ್ಯಾಗ ಹಾಕಿದ್ದು.”

“ಮತ್ತ ಬ್ಯಾನಿ ಹತ್ತದೇ ಏನ್ ಮಾಡ್ತದ?”

ನನಗೂ ಮೂಸಲು ಕೊಟ್ಟರು. ಪೆಟ್ರೋಲಿನ ಚುರುಕು ವಾಸನೆ ಇಲ್ಲ. ಹಳೇ ಬಣ್ಣದ ಡಬ್ಬಿಯ ಕಮಟು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದಲ್ಲ, ಅದು ತೇವ ಎಳೆದುಕೊಳ್ಳುತ್ತದೆ. ಇಟ್ಟಲ್ಲೇ ಇಟ್ಟರೆ ಪೆಟ್ರೋಲ್ ಆರಿ ಅಂಟು ಉಳಿಯುತ್ತದೆ. ಅವರು ಬಗ್ಗಿಸಿದ ಒಂದು ತಂತಿಯನ್ನು ಟ್ಯಾಂಕಿನೊಳಗೆ ಬಿಟ್ಟು, ಬಾವಿಯಿಂದ ಕೊಡ ತೆಗೆದ ಹಾಗೆ ಏನನ್ನೋ ಎತ್ತಿದರು. ಪೈಪಿನ ತುದಿಗೆ ಬೆರಳ ಗೆಣ್ಣಿನಷ್ಟು ಫಿಲ್ಟರ್. ಬಿಳಿ ಇರಬೇಕಾದದ್ದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮೆಲ್ಲಗೆ ಓಡುವಾಗ ಹನಿ ಹನಿ ಸಾಕು, ಹೇಗೋ ಬರುತ್ತದೆ. ರೇಸ್ ಕೊಟ್ಟಾಗ ಜಾಸ್ತಿ ಬೇಕು, ಬರುವುದಿಲ್ಲ, ಬಂದ್ ಬೀಳುತ್ತದೆ. ಎರಡು ತಾಸು ನನ್ನ ಜೀವ ಹಿಂಡಿದ ರೋಗ ಇಷ್ಟೇ.

ಆದರೂ ಕಾರ್ಬೊರೇಟರ್ ಬಿಚ್ಚಿದರು. ಒಳಗೆ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ತೆಳು ಪೊರೆ. ಡಯಾಫ್ರಮ್. ಉಗುರಿನಿಂದ ತಟ್ಟಿದರೆ ಹಪ್ಪಳದ ಹಾಗೆ ಟಕ್ ಅಂದಿತು. ಹೊಸದನ್ನು ನನ್ನ ಅಂಗೈಗೆ ಹಾಕಿದರು, ಮೆತ್ತಗೆ ಬಳುಕಿತು. ಬೈಕಿನ ಕಾರ್ಬೊರೇಟರಿನಲ್ಲಿ ತೇಲುವ ಫ್ಲೋಟ್ ಇರುತ್ತದೆ, ಇದರಲ್ಲಿ ಇರುವುದಿಲ್ಲ. ಅಡ್ಡ ಹಿಡಿದರೂ ತಲೆಕೆಳಗು ಹಿಡಿದರೂ ಚೈನ್ ಸಾ ಓಡಬೇಕಲ್ವಾ? ಹಾಗಾಗಿ ಎಂಜಿನಿನ ಒಳಗಿನ ಒತ್ತಡವೇ ಈ ಪೊರೆಯನ್ನು ಬಡಿದು ಬಡಿದು ಪೆಟ್ರೋಲ್ ಎಳೆಯುತ್ತದೆ. ಪೊರೆ ಬಿರುಸಾದರೆ ಬಡಿತವೂ ಇಲ್ಲ, ಪೆಟ್ರೋಲೂ ಇಲ್ಲ.

ಸ್ಕ್ರೂ ತಿರುಗಿಸಿದ್ದನ್ನು ನಾನಾಗಿ ಹೇಳಿರಲಿಲ್ಲ. ಅವರೇ ನೋಡಿ ಸ್ಕ್ರೂಡ್ರೈವರ್ ಕೆಳಗಿಟ್ಟರು.

“ಮಷೀನ್ ಕೆಟ್ಟಿದ್ದಿಲ್ಲ ಬೇಟಾ. ನೀ ಕೆಡಸೀದಿ.”

ಈ ಮಷೀನಿಗೆ ಬೇರೆ ಎಂಜಿನ್ ಆಯಿಲ್ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಟೂ-ಟಿ ಆಯಿಲ್ಲೇ ಅದಕ್ಕೆ ಆಧಾರ. ಲೂನಾ ಓಡಿಸಿದವರಿಗೆ ಹೇಳಬೇಕಾಗಿಲ್ಲ. ಸ್ಕ್ರೂ ಬಿಗಿಯಾಗಿ ಪೆಟ್ರೋಲ್ ಕಡಿಮೆಯಾದರೆ ಆಯಿಲ್ಲೂ ಕಡಿಮೆ, ಈ ಬಿಸಿಲಲ್ಲಿ ಪಿಸ್ಟನ್ ಕಚ್ಚಿಕೊಳ್ಳಲು ಎಷ್ಟು ಹೊತ್ತು? ಅವರು ಎರಡೂ ಸ್ಕ್ರೂಗಳನ್ನು ಹಗುರಾಗಿ ಮುಚ್ಚಿ, ಒಂದೊಂದು ಸುತ್ತು ಬಿಚ್ಚಿ, ಆಮೇಲೆ ಕಿವಿಗೊಟ್ಟು ಕೇಳುತ್ತ ಕೂದಲೆಳೆಯಷ್ಟು ಸರಿಸಿದರು. ನನ್ನ ಮಷೀನಿನ ಪುಸ್ತಕದಲ್ಲಿ ಲೀಟರಿಗೆ 40 ಮಿಲಿ ಆಯಿಲ್ ಅಂತಿದೆ. ಅಳತೆ ಮಾಡಿ ಹಾಕಿದೆ ಅಂದೆ. ಅದೊಂದಕ್ಕೆ ತಲೆ ಆಡಿಸಿದರು. ಪ್ಲಗ್ಗಿನ ತೂತಿನ ಬಾಯಲ್ಲೇ ಕಿಡಿ ನೋಡಿದೆ ಅಂದದ್ದಕ್ಕೆ ಮಾತ್ರ ಚೆನ್ನಾಗಿ ಬೈದರು. ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ, ಹುಬ್ಬು ಮೀಸೆ ಎಲ್ಲ ಹೋಗುತ್ತಿತ್ತು. ಪ್ಲಗ್ಗನ್ನು ತೂತಿನಿಂದ ದೂರ ಹಿಡಿಯಬೇಕಂತೆ.

ಮನೆಗೆ ಬಂದು ರೊಟ್ಟಿ, ಪುಂಡಿ ಪಲ್ಯ ಉಂಡು ಮತ್ತೆ ಗಿಡದ ಹತ್ತಿರ ನಿಂತೆ. ಎರಡನೇ ಜಗ್ಗಿಗೇ ಚಾಲು. ಟೊಂಗೆಗಳು ಸರಸರ ಬಿದ್ದವು. ಕಾಂಡಕ್ಕೆ ಬಂದಾಗ ಸೀಳು ಎಡಕ್ಕೆ ವಾಲತೊಡಗಿತು. ಹೊಗೆ ಬೇರೆ. ಬೀಳುತ್ತಿದ್ದದ್ದು ಚಕ್ಕೆ ಅಲ್ಲ, ಜೋಳದ ಹಿಟ್ಟಿನಂಥ ಪುಡಿ. ಹಲ್ಲು ಮೊಂಡಾಗಿದೆ ಅನ್ನಲು ಬೇರೆ ಸಾಕ್ಷಿ ಬೇಡ. ಹೋದ ವರ್ಷ ಜಾಲಿಯ ಬುಡ ಕೊಯ್ಯುವಾಗ ಚೈನನ್ನು ಮಣ್ಣಿಗೆ ಮುಟ್ಟಿಸಿದ್ದು ನಾನೇ.

4.8 ಮಿಲಿಮೀಟರಿನ ದುಂಡನೆಯ ಅರ ಮಷೀನ್ ಜೊತೆಗೇ ಬಂದಿತ್ತು. ಚೈನಿನಲ್ಲಿ ಹಲ್ಲು ಒಂದು ಎಡಕ್ಕೆ, ಒಂದು ಬಲಕ್ಕೆ ಇರುತ್ತವೆ. ಎಡಗಡೆಯವು ನನ್ನ ಕೈಗೆ ಸಲೀಸು, ಅವನ್ನೇ ಜಾಸ್ತಿ ತಿಕ್ಕಿದ್ದೆ. ಬಲಗಡೆಯವು ಹಾಗೇ ಉಳಿದಿದ್ದವು. ಚೂಪಿದ್ದ ಕಡೆಗೇ ಕೊಯ್ತ ಎಳೆಯುತ್ತದೆ, ಸೀಳು ಸೊಟ್ಟ ಆಗದೆ ಇನ್ನೇನು? ಬೇವಿನ ಬೊಡ್ಡೆಯ ಮೇಲೇ ಕೂತು, ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಅಲ್ಲಿಂದ ಶುರು ಮಾಡಿದೆ. ಒಂದೊಂದಕ್ಕೂ ಒಳಗಿನಿಂದ ಹೊರಗೆ, ಒಂದೇ ಓರೆಯಲ್ಲಿ, ಮೊಂಡು ಬಲಗಡೆಯವಕ್ಕೆ ನಾಲ್ಕು ಸಲ, ಎಡಗಡೆಯವಕ್ಕೆ ಎರಡು ಸಲ. ಅರ ವಾಪಸ್ ಎಳೆಯುವಾಗ ತಿಕ್ಕಬಾರದು. ಒಂದು ತಾಸು ಹಿಡಿಯಿತು.

ಹೊಗೆಗೆ ಬೇರೆ ಕಾರಣವಿತ್ತು. ಚೈನ್ ಸುತ್ತುವ ಉದ್ದನೆ ಪಟ್ಟಿ ಇದೆಯಲ್ಲ, ಆ ಬಾರಿಗೆ ಆಯಿಲ್ ಹೋಗುತ್ತಿರಲಿಲ್ಲ. ಬಾರ್ ಬಿಚ್ಚಿದರೆ ಆಯಿಲ್ ಬರುವ ತೂತಿನಲ್ಲಿ ಹಳೇ ಪುಡಿ ಗಟ್ಟಿಯಾಗಿ ಕೂತಿತ್ತು. ಪಿನ್ನಿನಿಂದ ಕೆದರಿದೆ. ಚೈನ್ ಹಾಕಿ, ಬಾರಿನ ತುದಿಯನ್ನು ಒಂದು ರಟ್ಟಿನ ಮೇಲೆ ಹಿಡಿದು ರೇಸ್ ಕೊಟ್ಟರೆ, ರಟ್ಟಿನ ಮೇಲೆ ಸಣ್ಣ ಎಣ್ಣೆ ಗೆರೆ ಮೂಡಿತು.

ಆಮೇಲೆ ಚಕ್ಕೆ ಹಾರತೊಡಗಿದವು. ಹಸಿ ಬೇವಿನ ಕಹಿ ಗಂಟಲಿಗೇ ಇಳಿಯುತ್ತಿತ್ತು. ಒಂದೇ ಸಲ ಬಾರ್ ಸಿಕ್ಕಿಕೊಂಡಿತು. ಕಾಂಡ ಕುಸಿದು ಸೀಳು ಮುಚ್ಚಿತು. ಎಂಜಿನ್ ಬಂದ್ ಮಾಡಿ ನಿಂತೆ. ಕಾಕಾ ಮಾತಾಡದೆ ಎದ್ದು ಬಂದು ಕೊಡ್ಲಿಯ ಮೊನೆಯನ್ನು ಸೀಳಿಗೆ ಇಟ್ಟು, ಹಿಂದಿನಿಂದ ಕಲ್ಲಿನಲ್ಲಿ ಎರಡು ಪೆಟ್ಟು ಕೊಟ್ಟರು. ಬಾರ್ ಸಡಿಲಾಯಿತು.

“ಮಷೀನಿಗೂ ಕೊಡ್ಲಿ ಬೇಕಾತು” ಅಂದರು. ಕತ್ತಲಾಗುವಷ್ಟರಲ್ಲಿ ಎತ್ತು ಹೊರಗೆ ಬಂದವು.

ರಾತ್ರಿ ಟ್ಯಾಂಕ್ ಖಾಲಿ ಮಾಡಿ, ಉಳಿದ ಹನಿ ಮುಗಿದು ತಾನೇ ನಿಲ್ಲುವವರೆಗೂ ಓಡಿಸಿದೆ. ಬೆಳಿಗ್ಗೆ ಸ್ವಿಚ್ಚಿನ ಪಕ್ಕ ಬಿಳಿ ಪೇಂಟಿನಲ್ಲಿ ‘ಚಾಲು’ ಅಂತ ಬರೆದು ಬಾಣದ ಗುರುತು ಹಾಕಿ ಬಿಸಿಲಿಗೆ ಒಣಗಲು ಇಟ್ಟಿದ್ದೆ. ಕಾಕಾ ಕನ್ನಡಕ ಏರಿಸಿ ಓದಿದರು.

“ಅಂದ್ರ ನಿನ್ನೆ ಮುಂಜಾನಿ ಇದು ಬಂದ್ ಇತ್ತೇನು?”

ನಾನು ಬ್ರಷ್ ತೊಳೆಯಲು ಹೋದೆ.