ಸುಣ್ಣ ಕವಳಕ್ಕೆ ಇಟ್ಕೊಳ್ಳಿ: ಒಂದು ತಮಾಷೆ, 30 ದಿನದ ಬ್ಯಾನ್

ಅಡಿಕೆ ಕೃಷಿಯ ಪ್ರಶ್ನೋತ್ತರ ನಡೆಯುವ ಒಂದು ಆನ್‌ಲೈನ್ ಬಳಗ ಅಂತಿಟ್ಟುಕೊಳ್ಳಿ. ಮೇ ಕೊನೆಯ ವಾರ, ಮಳೆ ಇವತ್ತೋ ನಾಳೆಯೋ ಅನ್ನುವ ಹೊತ್ತು. ಶಿರಸಿ ಕಡೆಯ ಹುಡುಗನೊಬ್ಬ ಕೇಳುತ್ತಾನೆ: "ಕೊಳೆ ರೋಗಕ್ಕೆ ಬೋರ್ಡೋ ಮಾಡುವಾಗ ಮೈಲುತುತ್ತು ಎಷ್ಟು, ಸುಣ್ಣ ಎಷ್ಟು?" ಬೋರ್ಡೋ ಅಂದರೆ ಕೊಳೆ ರೋಗಕ್ಕೆ ಹೊಡೆಯುವ ಮದ್ದು, ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್. ಐದು ನಿಮಿಷಕ್ಕೆ ಕೆಳಗೊಂದು ಉತ್ತರ ಬೀಳುತ್ತದೆ: "ಸುಣ್ಣ ಎಂತಕ್ಕೆ ಹಾಳು ಮಾಡ್ತೀರಿ ಮಾರಾಯ್ರೆ, ಕವಳಕ್ಕೆ ಇಟ್ಕೊಳ್ಳಿ. ಮೈಲುತುತ್ತು ಒಂದೇ ಸಾಕು."

ಕವಳದ, ಅಂದರೆ ಎಲೆ ಅಡಿಕೆಯ, ಬಟ್ಟಲು ನಡುವೆ ಇಟ್ಟುಕೊಂಡು ಜಗಲಿಯಲ್ಲಿ ಹೇಳಿದ್ದರೆ ಇದಕ್ಕೆ ನಾಲ್ಕು ಜನ ನಗುತ್ತಿದ್ದರು. ಇಲ್ಲಿ ಅರ್ಧ ಗಂಟೆಯಲ್ಲಿ ಉತ್ತರ ಅಳಿಸಿಹೋಗುತ್ತದೆ. ಬರೆದವರು ಅದನ್ನೇ ಮತ್ತೆ ಹಾಕುತ್ತಾರೆ. ಬಳಗವನ್ನು ನೋಡಿಕೊಳ್ಳುವ ಮಾಡರೇಟರ್ ಮತ್ತೆ ಅಳಿಸುತ್ತಾರೆ. "ತಮಾಷೆ ಗೊತ್ತಾಗದವರೆಲ್ಲ ಮಾಡರೇಟರ್ ಆಗಿದ್ದೀರಿ" ಅಂತ ಒಂದು ಸಾಲು ಹೋಗುತ್ತದೆ. ಸಂಜೆಯೊಳಗೆ 30 ದಿನದ ಬ್ಯಾನ್. ಮರುದಿನದಿಂದ ಊರಿಗೆಲ್ಲ ಒಂದೇ ಕತೆ: ಒಂದು ಜೋಕಿಗೆ ನನ್ನನ್ನು ಹೊರಗೆ ಹಾಕಿದರು.

ಲೆಕ್ಕ ಹಾಕಿ ನೋಡಿದರೆ ಜೋಕಿಗೆ ಸಿಕ್ಕಿದ್ದು ಒಂದು ಅಳಿಸುವಿಕೆ ಅಷ್ಟೇ. ಬ್ಯಾನ್ ಬಂದದ್ದು ಎರಡನೇ ಸಲ ಹಾಕಿದ್ದಕ್ಕೆ, ಆಮೇಲಿನ ಮಾತಿಗೆ. ಆದರೆ ಆ ಮೊದಲ ಅಳಿಸುವಿಕೆಯೂ ಸರಿಯೇ ಅಂತ ನನ್ನ ಅಭಿಪ್ರಾಯ. ಕಾರಣ ಬೋರ್ಡೋದಲ್ಲೇ ಇದೆ.

ಶೇ. 1ರ ಬೋರ್ಡೋಕ್ಕೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಟ್ಟ ಸುಣ್ಣ, ಒಟ್ಟು 100 ಲೀಟರ್ ನೀರು. ಮೈಲುತುತ್ತನ್ನು 50 ಲೀಟರಿನಲ್ಲಿ ಬೇರೆ, ಸುಣ್ಣವನ್ನು ಅರಳಿಸಿ 50 ಲೀಟರಿನಲ್ಲಿ ಬೇರೆ ಕರಗಿಸಬೇಕು. ಪ್ಲಾಸ್ಟಿಕ್ ಡ್ರಮ್ ಆದೀತು, ಕಬ್ಬಿಣದ್ದು ಬೇಡ. ಸುಣ್ಣದ ನೀರಿಗೆ ಮೈಲುತುತ್ತಿನ ನೀರನ್ನು ಕಲಕುತ್ತಾ ಸುರಿಯಬೇಕು. ಅದನ್ನು ಇದಕ್ಕೆ, ಇದನ್ನು ಅದಕ್ಕೆ ಅಂತ ಅದಲುಬದಲು ಮಾಡಿದರೆ ಗಸಿ ದಪ್ಪವಾಗಿ ಬೇಗ ತಳಕ್ಕೆ ಇಳಿಯುತ್ತದೆ. ಆಮೇಲೆ ಉಜ್ಜಿ ಹೊಳೆಯುವ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯಬೇಕು. ತುದಿಗೆ ಕೆಂಪು ಲೇಪ ಕೂತಿದ್ದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲಲಿಲ್ಲ ಅಂತ ಅರ್ಥ. ಕೆಂಪು ಕೂರದಷ್ಟು ಸುಣ್ಣದ ನೀರು ಸೇರಿಸಬೇಕು. ಮಾಡಿದ ದಿನವೇ ಹೊಡೆದು ಮುಗಿಸಬೇಕು.

ಇಷ್ಟೆಲ್ಲದರಲ್ಲಿ ಸುಣ್ಣದ ಕೆಲಸವೇ ಮೈಲುತುತ್ತಿನ ಹುಳಿಯನ್ನು ಕೊಲ್ಲುವುದು. ಸುಣ್ಣ ಬಿಟ್ಟು ಬರೀ ಮೈಲುತುತ್ತು ಹೊಡೆದರೆ ಎಳೆಗಾಯಿ, ಸೋಗೆ ಎಲ್ಲ ಸುಡುತ್ತದೆ. ಅಂದರೆ ಈ ತಮಾಷೆ ಯಾವುದನ್ನು ಬಿಡಿ ಅನ್ನುತ್ತಿದೆಯೋ ಅದೇ ತೋಟವನ್ನು ಉಳಿಸುವ ವಸ್ತು. ಕತ್ತಿಯ ಪರೀಕ್ಷೆ ಗೊತ್ತಿದ್ದವನು ನಗುತ್ತಾನೆ. ಗೊತ್ತಿದ್ದವನು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ, ಅದೇ ತೊಂದರೆ. ಪ್ರಶ್ನೆ ಕೇಳಿದ ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಅಪ್ಪನಿಗೆ ಹುಷಾರಿಲ್ಲ ಅಂತ ಈ ವರ್ಷ ಮೊದಲ ಸಲ ಮದ್ದು ಹೊಡೆಸುತ್ತಿರಬಹುದು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಬೆಳಿಗ್ಗೆ ಏಳಕ್ಕೆ ಬಂದು ನಿಂತಿದ್ದಾನೆ, ಇವನ ಕೈಯಲ್ಲಿ ಫೋನ್ ಮಾತ್ರ.

ಅವನೊಬ್ಬನೇ ಓದುಗನಾಗಿದ್ದರೆ ಕೆಳಗೆ "ಸುಮ್ಮನೆ ಹೇಳಿದ್ದು" ಅಂತ ಸೇರಿಸಿ ಮುಗಿಸಬಹುದಿತ್ತು. ಆದರೆ ಪ್ರಶ್ನೋತ್ತರದ ಜಾಗದಲ್ಲಿ ಬರೆದದ್ದು ಮೂರು ವರ್ಷದ ಮೇಲೆ ಸರ್ಚ್ ಮಾಡಿದವನಿಗೂ ಸಿಗುತ್ತದೆ. ಅವನಿಗೆ ಬರೆದವರ ಮುಖ ಗೊತ್ತಿಲ್ಲ, ಆ ದಿನದ ಹರಟೆ ಗೊತ್ತಿಲ್ಲ. ಯಂತ್ರ ಅನುವಾದದಲ್ಲಿ ಓದಿದರಂತೂ "ಮಾರಾಯ್ರೆ" ಅನ್ನುವುದರ ದನಿಯೇ ಉಳಿಯುವುದಿಲ್ಲ. ಉಳಿಯುವುದು ಸುಣ್ಣ ಬೇಡ ಅನ್ನುವ ಸೂಚನೆ ಒಂದೇ. 2024ರ ಮೇ ತಿಂಗಳಲ್ಲಿ ಗೂಗಲ್‌ನ ಎಐ ಸಾರಾಂಶ, ಪಿಜ್ಜಾ ಮೇಲಿನ ಚೀಸ್ ಜಾರದಿರಲು ಸಾಸಿಗೆ ಅಂಟು ಬೆರೆಸಿ ಅಂತ ಸಲಹೆ ಕೊಟ್ಟು ಜಗತ್ತೆಲ್ಲ ನಗೆಯಾಯಿತಲ್ಲ. ಅದರ ಮೂಲ ಹುಡುಕಿದರೆ ಸಿಕ್ಕಿದ್ದು ಚರ್ಚಾ ತಾಣ ರೆಡ್ಡಿಟ್‌ನಲ್ಲಿ 11 ವರ್ಷ ಹಿಂದೆ ಯಾರೋ ತಮಾಷೆಗೆ ಬರೆದ ಕಾಮೆಂಟ್. ಬರೆದವನಿಗೂ ಮರೆತುಹೋಗಿದ್ದಿರಬಹುದು.

ಇದು ಹೊಸ ರೋಗವೂ ಅಲ್ಲ. 1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಸಂದೇಶ ಫಲಕದಲ್ಲಿ, ಲಿಫ್ಟ್‌ನಲ್ಲಿ ಪಾದರಸ ಚೆಲ್ಲಿದೆ ಎಂಬ ಧಾಟಿಯ ತಮಾಷೆಯನ್ನು ಕೆಲವರು ನಿಜವಾದ ಎಚ್ಚರಿಕೆ ಅಂತಲೇ ಓದಿಕೊಂಡರು. ತಮಾಷೆಗೆ ಒಂದು ಗುರುತು ಬೇಕಲ್ಲ ಎಂಬ ಚರ್ಚೆಯಾಗಿ, ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್ಮನ್ ಎರಡು ಚುಕ್ಕಿ, ಒಂದು ಅಡ್ಡಗೆರೆ, ಒಂದು ಕಂಸ ಸೇರಿಸಿದ ನಗುಮುಖವನ್ನು ಸೂಚಿಸಿದರು. ನಮ್ಮ ಫೋನಿನ ನಗುಮುಖಗಳ ಅಜ್ಜ ಅದು. ಆದರೆ ಬೋರ್ಡೋ ಉತ್ತರದ ಕೊನೆಗೆ ನಗುಮುಖ ಹಾಕಿದ್ದರೆ ಉಳಿಯುತ್ತಿತ್ತೇ ಅಂದರೆ, ಇಲ್ಲ. ಈಗ ಗಂಭೀರ ಮಾತಿನ ಕೊನೆಗೂ ಜನ ನಗುಮುಖ ಹಾಕುತ್ತಾರೆ.

ಹಾಗಂತ ಪ್ರಶ್ನೋತ್ತರದಲ್ಲಿ ನಗುವೇ ಬೇಡ ಅಂತಲ್ಲ. "ಜುಲೈನಲ್ಲಿ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಈಜಬಹುದಾ?" ಎಂಬ ಪ್ರಶ್ನೆಗೆ "ಹೋಗಲಿಕ್ಕೆ ಅಡ್ಡಿಯಿಲ್ಲ, ವಾಪಸ್ ಬರುವುದು ಸಮುದ್ರಕ್ಕೆ ಬಿಟ್ಟದ್ದು" ಅಂದರೆ ಅದೂ ತಮಾಷೆಯೇ. ಅಕ್ಷರಶಃ ತೆಗೆದುಕೊಂಡರೂ ಆಳು ದಡದಲ್ಲೇ ಉಳಿಯುತ್ತಾನೆ. ನಾನು ಬಳಸುವ ಅಳತೆ ಇದೇ: ತಮಾಷೆ ಅಂತ ಗೊತ್ತಾಗದೆ ಅದನ್ನೇ ಮಾಡಿದರೆ ಏನಾಗುತ್ತದೆ? ಹೊತ್ತನ್ನೂ ನೋಡಬೇಕು. ಶಿರಸಿ-ಕುಮಟಾ ರಸ್ತೆಯ "ದೇವಿಮನೆ ಘಟ್ಟ ತೆರೆದಿದೆಯಾ?" ಅಂತ ಕೇಳಿದವರಿಗೆ "ರಸ್ತೆ ಮುಚ್ಚಿದೆ, ಗುಡ್ಡ ತೆರೆದಿದೆ" ಅನ್ನುವುದು ಒಂದು ಕಾಲಕ್ಕೆ ನಡೆಯುತ್ತಿತ್ತೇನೋ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಕುಸಿದ ಮೇಲೆ ಉತ್ತರ ಕನ್ನಡ ಜಿಲ್ಲೆಯಲ್ಲಿ ಆ ಮಾತಿಗೆ ಯಾರೂ ನಗುವುದಿಲ್ಲ.

ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಸ್ಯಗಾರ ಏನು ಬೇಕಾದರೂ ಅನ್ನಬಹುದು, ಯಾಕೆಂದರೆ ಅವನ ವೇಷವೇ ಹೇಳುತ್ತದೆ, ಎದುರಿಗೆ ಮಾತು ಕೊಡಲು ಭಾಗವತರು ಕೂತಿದ್ದಾರೆ. ಪ್ರಶ್ನೋತ್ತರದ ಉತ್ತರದ ಪೆಟ್ಟಿಗೆಯಲ್ಲಿ ಎಲ್ಲರದೂ ಒಂದೇ ವೇಷ. ಕೃಷಿ ವಿಜ್ಞಾನಿಯ ಸಾಲೂ ಹರಟೆಯವನ ಸಾಲೂ ಅದೇ ಅಕ್ಷರ, ಅದೇ ಗಾತ್ರ.

ದೊಡ್ಡ ತಾಣಗಳು ಇದಕ್ಕೆ ಬೇರೆ ಬೇರೆ ದಾರಿ ಮಾಡಿಕೊಂಡಿವೆ. 2008ರಲ್ಲಿ ಶುರುವಾದ, ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋದಲ್ಲಿ ಉತ್ತರದ ಜಾಗ ಬೇರೆ, ಕಾಮೆಂಟಿನ ಜಾಗ ಬೇರೆ. ತಮಾಷೆ ಎಲ್ಲಾದರೂ ಬದುಕುವುದಿದ್ದರೆ ಕಾಮೆಂಟಿನಲ್ಲಿ, ಅದೂ ಯಾವಾಗ ಬೇಕಾದರೂ ಅಳಿಸಬಹುದು ಎಂಬ ಷರತ್ತಿನ ಮೇಲೆ. ಇಲ್ಲೇ ಹೊಸಬರು ಸಿಕ್ಕಿಬೀಳುವುದು: ಬೇರೆಯವರ ಪೋಸ್ಟಿನ ಕೆಳಗೆ ಕಾಮೆಂಟ್ ಮಾಡಲು 50 ರೆಪ್ಯುಟೇಶನ್ ಅಂಕ (ಬರೆದದ್ದನ್ನು ಬೇರೆಯವರು ಮೆಚ್ಚಿದಾಗ ಸಿಗುವ ಅಂಕ) ಬೇಕು, ಉತ್ತರ ಬರೆಯಲು ಸಾಮಾನ್ಯವಾಗಿ ಅಂಕ ಬೇಕಿಲ್ಲ. ಕಾಮೆಂಟಿನ ಬಾಗಿಲು ಮುಚ್ಚಿದ್ದು ಕಂಡು ಜೋಕನ್ನು ಉತ್ತರದ ಪೆಟ್ಟಿಗೆಗೆ ತುರುಕುತ್ತಾರೆ. ಅದಕ್ಕೆ ಬೀಳುವ ಪ್ರತಿ ವಿರೋಧ ಮತಕ್ಕೆ, ಅಂದರೆ ಡೌನ್‌ವೋಟಿಗೆ 2 ಅಂಕ ಹೋಗುತ್ತದೆ. ಅವಮಾನಕರ ಅಂತ ಸಾಕಷ್ಟು ಜನ ಫ್ಲ್ಯಾಗ್ ಮಾಡಿ (ದೂರು ಕೊಟ್ಟು) ಪೋಸ್ಟ್ ಅಳಿಸಿದರೆ 100 ಅಂಕ. ಅಪವಾದವೂ ಇದೆ. ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್ ಅನ್ನು, ಅಕ್ಷರಗಳ ಮಾದರಿ ಹುಡುಕುವ ರೆಗೆಕ್ಸ್‌ನಿಂದ ಬಿಡಿಸಬಹುದೇ ಎಂಬ ಪ್ರಶ್ನೆಗೆ 2009ರಲ್ಲಿ ಬಂದ ಒಂದು ಉತ್ತರ ಹುಚ್ಚು ಹಿಡಿದವರಂತೆ ಸಾಗಿ ಅಕ್ಷರಗಳೇ ಕರಗಿ ಸೋರುವಲ್ಲಿಗೆ ಮುಗಿಯುತ್ತದೆ. ಅದನ್ನು ಅಳಿಸಲಿಲ್ಲ, ಯಾರೂ ತಿದ್ದದಂತೆ ಬೀಗ ಹಾಕಿ ಇಟ್ಟಿದ್ದಾರೆ. ಅದು ಉಳಿದದ್ದಕ್ಕೆ ನನಗೆ ತೋರುವ ಕಾರಣ, ಅಷ್ಟು ಕೂಗಾಟದ ಒಳಗೂ "ಹಾಗೆ ಮಾಡಬೇಡಿ" ಎಂಬ ಸರಿಯಾದ ಉತ್ತರ ಇತ್ತು. ರೆಡ್ಡಿಟ್‌ನಲ್ಲಿ ಒಂದೊಂದು ಬಳಗಕ್ಕೆ ಒಂದೊಂದು ಕಾನೂನು. ಇತಿಹಾಸದ ಪ್ರಶ್ನೆಗಳ ಆಸ್ಕ್‌ಹಿಸ್ಟೋರಿಯನ್ಸ್ ಜೋಕಿನ ಉತ್ತರವನ್ನು ಸೀದಾ ತೆಗೆಯುತ್ತದೆ. ಆಸ್ಕ್‌ರೆಡ್ಡಿಟ್‌ನಲ್ಲಿ ಕೇಳುವವರೇ "ಸೀರಿಯಸ್" ಅಂತ ಗುರುತು ಹಾಕಬಹುದು. ಹಾಕಿದರೆ ಅಲ್ಲಿ ತಮಾಷೆ ನಿಲ್ಲುವುದಿಲ್ಲ.

ಇನ್ನು ಬ್ಯಾನ್ ಬಿದ್ದೇಬಿಟ್ಟಿತು ಅಂದರೆ. ಮೊದಲು ಅದು ಯಾವ ಜಾತಿಯದು ಅಂತ ನೋಡಿ, ಯಾಕೆಂದರೆ ಮದ್ದು ಬೇರೆ ಬೇರೆ. ಸ್ಟಾಕ್ ಓವರ್‌ಫ್ಲೋದಲ್ಲಿ ಮನುಷ್ಯ ಮಾಡರೇಟರ್ ಹಾಕುವ ಅಮಾನತಿಗೆ ಅವಧಿ ಇರುತ್ತದೆ, ಸಾಮಾನ್ಯವಾಗಿ 7, 30 ಇಲ್ಲವೇ 365 ದಿನ. ಅಷ್ಟು ಕಾಲ ನಿಮ್ಮ ಅಂಕ 1 ಅಂತ ಕಾಣುತ್ತದೆ. ಗಾಬರಿ ಬೇಡ, ಮುಗಿದ ದಿನ ವಾಪಸ್ ಬರುತ್ತದೆ. ಕಾರಣ ತಿಳಿಸುವ ಖಾಸಗಿ ಸಂದೇಶ ಬಂದಿರುತ್ತದೆ, ಅದಕ್ಕೆ ಉತ್ತರಿಸಬಹುದು. ಇನ್ನೊಂದು ಯಂತ್ರವೇ ಹಾಕುವ ತಡೆ: ಡೌನ್‌ವೋಟ್ ಬಿದ್ದ, ಅಳಿಸಿಹೋದ ಪೋಸ್ಟುಗಳು ಹೆಚ್ಚಾದಾಗ ಉತ್ತರ ಅಥವಾ ಪ್ರಶ್ನೆ ಹಾಕುವ ಬಾಗಿಲು ಮುಚ್ಚುತ್ತದೆ. ಇದಕ್ಕೆ ಕೊನೆಯ ದಿನಾಂಕ ಇಲ್ಲ, ಮಾಡರೇಟರನ್ನು ಕೇಳಿಯೂ ಪ್ರಯೋಜನವಿಲ್ಲ. ಹಳೆಯ ಕೆಟ್ಟ ಉತ್ತರಗಳನ್ನು ತಿದ್ದಿ ಒಳ್ಳೆಯದು ಮಾಡುವುದೊಂದೇ ದಾರಿ. ಎಲ್ಲವನ್ನೂ ಅಳಿಸಿ ಕೈತೊಳೆದುಕೊಳ್ಳೋಣ ಅಂದರೆ ಆಗುವುದಿಲ್ಲ, ಅಳಿಸಿದ್ದೂ ಲೆಕ್ಕಕ್ಕೆ ಬರುತ್ತದೆ.

ರೆಡ್ಡಿಟ್‌ನಲ್ಲಿ ಒಂದು ಬಳಗದಿಂದ ಬ್ಯಾನ್ ಆಗುವುದು ಬೇರೆ, ಇಡೀ ತಾಣದಿಂದ ಆಗುವುದು ಬೇರೆ. ಬಳಗದ ಬ್ಯಾನ್ ಸಂದೇಶಕ್ಕೆ ಮರು ಉತ್ತರ ಬರೆದರೆ ಅದು ಮಾಡರೇಟರುಗಳಿಗೆ ಹೋಗುತ್ತದೆ. ಅಲ್ಲಿ ಮೇಲಿಂದ ಮೇಲೆ ಬರೆದರೆ 3, 7 ಅಥವಾ 28 ದಿನ ಬಾಯಿ ಮುಚ್ಚಿಸುವ ಗುಂಡಿ ಅವರ ಕೈಯಲ್ಲಿದೆ. ಇನ್ನೊಂದು ಖಾತೆ ತೆರೆದು ಅದೇ ಬಳಗಕ್ಕೆ ನುಗ್ಗುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಬಳಗದ ಒಳಗಿನ ತಪ್ಪು ಆಗ ಇಡೀ ತಾಣದ ನಿಯಮ ಮುರಿದಂತೆ ಆಗುತ್ತದೆ, ಎರಡು ಖಾತೆಯೂ ಹೋಗಬಹುದು.

ವಾಟ್ಸ್ಯಾಪ್ ಗುಂಪಿನಲ್ಲಿ ಕತೆ ಸರಳ. ಕಳಿಸಿದ ಜೋಕನ್ನು 15 ನಿಮಿಷದೊಳಗೆ ತಿದ್ದಬಹುದು, ಸುಮಾರು ಎರಡು ದಿನದೊಳಗೆ ಎಲ್ಲರಿಗೂ ಕಾಣದಂತೆ ಅಳಿಸಬಹುದು. ಅಡ್ಮಿನ್ ಹೊರಗೆ ಹಾಕಿದರೆ ಅವರಿಗೊಂದು ಫೋನ್ ಮಾಡುವುದೇ ಸರಿ. ಇಲ್ಲಿ ಮಾಡರೇಟರ್ ಅಂದರೆ ಮದುವೆ ಮನೆಯಲ್ಲಿ ಎದುರು ಪಂಕ್ತಿಗೆ ಕೂರುವವರು.

ಮನವಿ ಬರೆಯುವುದಕ್ಕೆ ಮೊದಲು ಒಂದು ರಾತ್ರಿ ಕಳೆಯಲಿ. ಅಳಿಸಿದ ಪೋಸ್ಟಿನ ಕೊಂಡಿ, ಬಂದ ಸಂದೇಶದ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಟ್ಟುಕೊಳ್ಳಿ. ನಾಲ್ಕು ಸಾಲು ಸಾಕು: "ಬೋರ್ಡೋ ಪ್ರಶ್ನೆಗೆ ಸುಣ್ಣ ಬೇಡ ಅಂತ ತಮಾಷೆಗೆ ಬರೆದೆ. ಗೊತ್ತಿಲ್ಲದವರು ಹಾಗೇ ಮಾಡಿದರೆ ಬೆಳೆ ಸುಡುತ್ತದೆ, ಅದು ನನ್ನ ತಪ್ಪು. ಅಳಿಸಿದ್ದನ್ನು ಮತ್ತೆ ಹಾಕಿದ್ದೂ, ಆಮೇಲೆ ಆಡಿದ ಮಾತೂ ಸರಿಯಲ್ಲ. ಸರಿಯಾದ ಪ್ರಮಾಣ ಬರೆದು ಕೊಡುತ್ತೇನೆ, ಬ್ಯಾನ್ ಮರುಪರಿಶೀಲಿಸಿ." ಇದರಲ್ಲಿ "ಆದರೆ" ಎಂಬ ಪದ ಇಲ್ಲದ್ದನ್ನು ಗಮನಿಸಿ. "ಇಂಥವರೂ ಹಾಗೇ ಬರೆದಿದ್ದಾರಲ್ಲ" ಎಂಬ ಸಾಲು ಸೇರಿದರೆ ಓದುವ ಮಾಡರೇಟರ್ ಅಲ್ಲಿಗೇ ನಿಲ್ಲಿಸುತ್ತಾರೆ. ಸಂಬಳವಿಲ್ಲದೆ ಕೆಲಸ ಮಾಡುವ ಸ್ವಯಂಸೇವಕರು ಅವರು.

ಸ್ವಯಂಸೇವಕರಲ್ಲ, ಕಂಪನಿಯೇ ಖಾತೆ ಮುಚ್ಚಿದ್ದರೆ ಭಾರತದಲ್ಲಿ ಇನ್ನೊಂದು ಮೆಟ್ಟಿಲಿದೆ. 2021ರ ಐಟಿ ನಿಯಮಗಳ ಪ್ರಕಾರ ತಾಣದ ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 24 ಗಂಟೆಯೊಳಗೆ ತಿಳಿಸಬೇಕು, 7 ದಿನದೊಳಗೆ ಇತ್ಯರ್ಥ ಮಾಡಬೇಕು (2026ರ ತಿದ್ದುಪಡಿಗೆ ಮೊದಲು 15 ದಿನ ಇತ್ತು). ಒಪ್ಪಿಗೆಯಾಗದಿದ್ದರೆ ಅವರ ಉತ್ತರ ಬಂದ 30 ದಿನದೊಳಗೆ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಹೋಗಬಹುದು. ಒಂದು ಕವಳದ ಜೋಕಿಗೆ ಅಲ್ಲಿಯವರೆಗೆ ಹೋಗುವುದು ಅತಿಯಾಯಿತು. ಹತ್ತು ವರ್ಷ ಬರೆದದ್ದೆಲ್ಲ ಇರುವ ಖಾತೆಯಾದರೆ ಹೋಗಬೇಕಾದೀತು.

ಬ್ಯಾನ್ ಮುಗಿದ ಮೇಲೆ ಮೊದಲು ಮಾಡುವ ಕೆಲಸ ಅದೇ ಪ್ರಶ್ನೆಗೆ ಸರಿಯಾದ ಉತ್ತರ ಬರೆಯುವುದು. ಪ್ರಮಾಣ ಮೊದಲ ಸಾಲಿನಲ್ಲಿ ಬರಲಿ, ಆಮೇಲೆ ಕತ್ತಿಯ ಪರೀಕ್ಷೆ, 40ರಿಂದ 45 ದಿನಕ್ಕೆ ಎರಡನೇ ಸಲ ಹೊಡೆಯುವ ಮಾತು. ಕೊನೆಗೆ "ಮಿಕ್ಕ ಸುಣ್ಣ ಕವಳಕ್ಕೆ" ಅಂತ ಸೇರಿಸಲು ಕೈ ತುರಿಸುತ್ತದೆ. ಸೇರಿಸುವುದಾದರೆ "ಕವಳದ ಡಬ್ಬಿಯ ಸುಣ್ಣ ಡಬ್ಬಿಯಲ್ಲೇ ಇರಲಿ" ಅಂತ ಬರೆಯಿರಿ. ಮೈಲುತುತ್ತು ಕಲಕಿದ ಕೋಲು ತಾಗಿದ ಸುಣ್ಣ ಬಾಯಿಗೆ ಹೋಗುವಂಥದ್ದಲ್ಲ, ಅದನ್ನೂ ಯಾರಾದರೂ ನಿಜವೆಂದು ಓದಿಯಾರು.