ಏಜೆಂಟ್ ಓದುವ ಡಾಕ್ಯುಮೆಂಟೇಶನ್‌ನಲ್ಲಿ ಏನಿರಬೇಕು?

ನಾನು ಟೆಕ್ನಿಕಲ್ ರೈಟರ್. ಈಚೆಗೆ ನಾನು ಬರೆಯುವುದನ್ನು ಹೆಚ್ಚಾಗಿ ಓದುವುದು ಎಐ ಏಜೆಂಟ್‌ಗಳು, ಅಂದರೆ ಹೇಳಿದ ಕೆಲಸವನ್ನು ತಾವೇ ಹೆಜ್ಜೆಹೆಜ್ಜೆಯಾಗಿ ಮಾಡುವ ಎಐ ಪ್ರೋಗ್ರಾಮ್‌ಗಳು.

ನಮ್ಮದು ಆಟಗಾರರು ಒಂದೊಂದು ಪಾತ್ರವಾಗಿ, ಬರೆದ ಮಾತಿನಲ್ಲೇ ಆಡುವ ರೋಲ್-ಪ್ಲೇಯಿಂಗ್ ಗೇಮ್. ಕಥೆ ನಡೆಸುವ ಡಂಜನ್ ಮಾಸ್ಟರ್ ಜಾಗದಲ್ಲಿ ಒಂದು ಏಜೆಂಟ್ ಕೂತಿದೆ. ಆಟಗಾರರ ಚೀಲದಲ್ಲಿ ಏನೇನಿದೆ ಎನ್ನುವ ಲೆಕ್ಕ ಡೇಟಾಬೇಸ್‌ನಲ್ಲಿರುತ್ತದೆ. ಏಜೆಂಟ್ ಅದನ್ನು ಇನ್ವೆಂಟರಿ ಟೂಲ್ ಮೂಲಕವೇ ಮುಟ್ಟಬೇಕು. ಟೂಲ್ ಅಂದರೆ ಏಜೆಂಟ್ ಕರೆದಾಗ ಒಂದು ನಿರ್ದಿಷ್ಟ ಕೆಲಸ ಮಾಡಿಕೊಡುವ ಕೋಡ್. ಟೂಲ್ ಯಾಕೆ ಬೇಕೆಂದರೆ, ಒಮ್ಮೆಗೆ ಏಜೆಂಟ್ ಹಿಡಿದಿಟ್ಟುಕೊಳ್ಳುವ ಮಾತಿಗೆ ಮಿತಿ ಇದೆ. ಆಟ ಉದ್ದವಾದಂತೆ ಶುರುವಿನ ಮಾತುಗಳು ಜಾರಿಹೋಗುತ್ತವೆ. ಜೊತೆಗೆ ಅದಕ್ಕೆ ಹೂಂ ಅನ್ನುವ ಸ್ವಭಾವ ಜಾಸ್ತಿ. "ಚೀಲದಿಂದ ಬೆಳ್ಳಿ ಕತ್ತಿ ತೆಗೆದೆ" ಅಂತ ಆಟಗಾರ ಬರೆದರೆ, ಇಲ್ಲದ ಕತ್ತಿಯನ್ನೂ ಕೈಗೆ ಕೊಟ್ಟುಬಿಡುತ್ತದೆ.

ಏಜೆಂಟ್‌ಗೆ ಟೂಲಿನ ಕೋಡ್ ಕಾಣುವುದಿಲ್ಲ. ಕಾಣುವುದು ಹೆಸರು, ವಿವರಣೆ, ಮತ್ತು ಯಾವ ಮಾಹಿತಿಯನ್ನು ಯಾವ ರೂಪದಲ್ಲಿ ಕೊಡಬೇಕು ಎನ್ನುವ ಸ್ಕೀಮಾ. ಎಐ ಕಂಪನಿ ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ, ಎಐಗೆ ಟೂಲ್‌ಗಳನ್ನು ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನಲ್ಲೂ ಹೀಗೇ. ಅಲ್ಲಿ ಹೆಸರು, ಸ್ಕೀಮಾ ಕಡ್ಡಾಯ, ವಿವರಣೆ ಬಿಟ್ಟರೂ ನಡೆಯುತ್ತದೆ. ನನ್ನ ಪ್ರಕಾರ ಬಿಡಲೇಬಾರದ್ದು ಅದೇ.

"ಇನ್ವೆಂಟರಿಗೆ ವಸ್ತು ಸೇರಿಸುತ್ತದೆ" ಅಂತ ಬರೆದರೆ ಪ್ರೋಗ್ರಾಮರ್‌ಗೆ ಸಾಕು. ಏಜೆಂಟ್‌ಗೆ ಸಾಲದು. ಆಟಗಾರ ಪೆಟ್ಟಿಗೆ ತೆರೆಯುತ್ತಾನೆ. ಒಳಗೆ ಉಂಗುರ, ಹಗ್ಗ, ಎರಡು ಸೀಸೆ ಔಷಧಿ. ಅವನು ಇನ್ನೂ ಏನನ್ನೂ ಎತ್ತಿಕೊಂಡಿಲ್ಲ. ಏಜೆಂಟ್ ಆಗಲೇ ಎಲ್ಲವನ್ನೂ ಅವನ ಚೀಲಕ್ಕೆ ತುಂಬುತ್ತದೆ! ಇದಕ್ಕೆ ಮದ್ದು ಯಾವಾಗ ಬಳಸಬಾರದು ಅಂತ ಬರೆಯುವುದು: "ಆಟಗಾರ ತೆಗೆದುಕೊಂಡೆ ಅನ್ನುವವರೆಗೆ ಈ ಟೂಲ್ ಬಳಸಬೇಡ. ಕಂಡ ವಸ್ತುವನ್ನು ಕಥೆಯಲ್ಲಿ ಮಾತ್ರ ಹೇಳು." ಔಷಧಿ ಕುಡಿಯುವ ಟೂಲಿಗೂ ಇಂಥದ್ದೇ ಸಾಲು ಬೇಕು. "ಇದನ್ನು ಕುಡಿದರೆ ಏನಾಗುತ್ತೆ?" ಅನ್ನುವುದು ಬರೀ ಪ್ರಶ್ನೆ. ಅದಕ್ಕೆ ಸೀಸೆ ಖಾಲಿಯಾಗಬಾರದು ಅಲ್ವಾ?

ಅಳತೆಯ ವಿಷಯಕ್ಕೆ ಬಂದರೆ, ನಾವು ಬಳಸುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ ಮೂಲ ನಿಯಮಗಳನ್ನು. 2023ರ ಜನವರಿಯಲ್ಲಿ ಅವು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿ ಬಂದವು. ಆ ನಿಯಮಗಳಂತೆ ಪಾತ್ರದ ಶಕ್ತಿಯ ಅಂಕವನ್ನು 15ರಿಂದ ಗುಣಿಸಿದರೆ ಅದು ಹೊರಬಲ್ಲ ತೂಕ ಪೌಂಡ್‌ನಲ್ಲಿ ಸಿಗುತ್ತದೆ. ಶಕ್ತಿ 10 ಇದ್ದರೆ 150 ಪೌಂಡ್. 50 ನಾಣ್ಯಕ್ಕೆ ಒಂದು ಪೌಂಡ್. ಅಂದರೆ ಡ್ರ್ಯಾಗನ್ ಗುಹೆಯಲ್ಲಿ ಸಿಕ್ಕ 10,000 ಚಿನ್ನದ ನಾಣ್ಯ 200 ಪೌಂಡ್ ತೂಗುತ್ತದೆ. ಆ ಪಾತ್ರ ಅದನ್ನು ಹೊತ್ತು ನಡೆಯಲಾರದು. ಬ್ಯಾಗ್ ಆಫ್ ಹೋಲ್ಡಿಂಗ್ ಎಂಬ ಮಾಯಾ ಚೀಲ ಇದ್ದರೆ ಮಾತು ಬೇರೆ. ಒಳಗೆ 500 ಪೌಂಡ್‌ವರೆಗೆ ತುಂಬಬಹುದು, ಆದರೂ ಚೀಲ ತೂಗುವುದು 15 ಪೌಂಡ್ ಮಾತ್ರ. ಈ ಗುಣಾಕಾರವನ್ನೆಲ್ಲ ವಿವರಣೆಯಲ್ಲಿ ತುಂಬುವ ಆಸೆ ಬರುತ್ತದೆ. ಬೇಡ. ಲೆಕ್ಕ ಟೂಲ್ ಮಾಡಲಿ. "ತೂಕ ನೀನು ಊಹಿಸಬೇಡ, ಟೂಲ್ ಹೇಳಿದ್ದನ್ನೇ ಬಳಸು" ಅನ್ನುವ ಒಂದು ಸಾಲು ಸಾಕು. ಗಾಯ ವಾಸಿ ಮಾಡುವ ಔಷಧಿಗೂ ಅಷ್ಟೆ. ನಾಲ್ಕು ಮುಖದ ಎರಡು ದಾಳ ಎಸೆದು, ಬಂದದ್ದಕ್ಕೆ 2 ಸೇರಿಸಬೇಕು. ದಾಳವನ್ನು ಟೂಲ್ ಎಸೆಯುತ್ತದೆ, ಏಜೆಂಟ್ ಮತ್ತೆ ಎಸೆಯಬಾರದು.

ಎರರ್ ಮೆಸೇಜ್ ಕೂಡ ಡಾಕ್ಯುಮೆಂಟೇಶನ್ನೇ. ಬಹಳ ಜನ ಇದನ್ನು ಕೊನೆಗೆ ತಳ್ಳುತ್ತಾರೆ. ನಾನು ಅದರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಏಜೆಂಟ್ ಮುಂದಿನ ಹೆಜ್ಜೆ ಇಡುವುದು ಅದನ್ನು ಓದಿಯೇ. ಬರೀ "ಸಿಗಲಿಲ್ಲ" ಅಂತ ಬಂದರೆ ಅದು ಸುಮ್ನೆ ಬೇರೆ ಹೆಸರುಗಳನ್ನು ಊಹಿಸುತ್ತಾ ಹೋಗಬಹುದು. "ಈ ಹೆಸರಿನ ವಸ್ತು ಈ ಪಾತ್ರದ ಬಳಿ ಇಲ್ಲ. ಇರುವ ಹಗ್ಗಗಳು: ನಾರಿನ ಹಗ್ಗ, ರೇಷ್ಮೆ ಹಗ್ಗ. ಯಾವುದು ಅಂತ ಆಟಗಾರನನ್ನು ಕೇಳು" ಅಂತ ಬಂದರೆ ದಾರಿ ಕಾಣುತ್ತದೆ. ನೆಟ್‌ವರ್ಕ್ ಕೈಕೊಟ್ಟು ಉತ್ತರ ಬಾರದಿದ್ದಾಗ ಏನು ಮಾಡಬೇಕು ಅನ್ನುವುದೂ ಬೇಕು. ಟೂಲಿಗೆ ಹೋಗುವ ಪ್ರತಿ ವಿನಂತಿಗೂ ಒಂದು ಸಂಖ್ಯೆ ಇರುತ್ತದೆ. ಹಳೆಯ ವಿನಂತಿಯ ಸಂಖ್ಯೆಯನ್ನೇ ಇಟ್ಟು ಮತ್ತೆ ಕಳಿಸಬೇಕು. ಹೊಸ ಸಂಖ್ಯೆ ಹಾಕಿದರೆ ಟೂಲ್ ಅದನ್ನು ಬೇರೆ ವಿನಂತಿ ಅಂದುಕೊಂಡು, ಒಂದು ಗುಟುಕಿಗೆ ಎರಡು ಸೀಸೆ ಖರ್ಚಾಗಬಹುದು.

ವಿವರಣೆ ಉದ್ದವಾದರೂ ಕಷ್ಟವೇ. ಅದು ಪ್ರತಿ ಸರದಿಯಲ್ಲೂ ಏಜೆಂಟ್ ಮುಂದೆ ಹೋಗುತ್ತದೆ, ಕಥೆಗೆ ಬೇಕಾದ ಜಾಗ ತಿನ್ನುತ್ತದೆ. ಒಂದು ಸಾಲು ಬದಲಾದರೂ ಏಜೆಂಟ್ ನಡೆ ಬದಲಾಗಬಹುದು, ಹಾಗಾಗಿ ನಾವು ಹಳೆಯ ಸಂಭಾಷಣೆಗಳನ್ನು ಮತ್ತೆ ಓಡಿಸಿ ನೋಡುತ್ತೇವೆ.

ಕೆಲವು ಸಲ ಎಷ್ಟು ಬರೆದರೂ ಸರಿಹೋಗುವುದಿಲ್ಲ. ಇಬ್ಬರು ಆಟಗಾರರು ವಸ್ತು ಅದಲು ಬದಲು ಮಾಡಿಕೊಳ್ಳುವುದನ್ನೇ ನೋಡಿ. ಮೊದಲು ಒಬ್ಬನ ಚೀಲದಿಂದ ತೆಗೆ, ಆಮೇಲೆ ಇನ್ನೊಬ್ಬನಿಗೆ ಸೇರಿಸು, ನಡುವೆ ತಪ್ಪಿದರೆ ಹಿಂದಿರುಗಿಸು ಅಂತ ವಿವರಣೆ ಪ್ಯಾರಾಗಟ್ಟಲೆ ಬೆಳೆಯಿತು. ಆಗ ನಾನು ಬರೆಯುವುದನ್ನು ನಿಲ್ಲಿಸಿ ಎಂಜಿನಿಯರ್‌ಗಳ ಬಳಿ ಹೋದೆ. ಅದಲು ಬದಲಿಗೆ ಅವರು ಬೇರೆಯದೇ ಟೂಲ್ ಮಾಡಿಕೊಟ್ಟರು. ಎರಡೂ ಕಡೆ ಒಟ್ಟಿಗೆ ಆಗುತ್ತದೆ, ಇಲ್ಲವೇ ಎರಡೂ ಕಡೆ ಆಗುವುದಿಲ್ಲ. ಈಗ ಅದರ ವಿವರಣೆ ಎರಡೇ ಸಾಲು.