ಡಬ್ಬಿಯೊಳಗಿನ ಕೌಲ್ ಬಜಾರ್

ಬೆಳಿಗ್ಗೆಯಿಂದ ಮಾಮನ ಹಳೇ ನೆಗೆಟಿವ್ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದೇನೆ. ಬಳ್ಳಾರಿ ಕೌಲ್ ಬಜಾರಿನ ಟಾಂಗಾ, ಮೂಟೆ ಹೊತ್ತ ಹಮಾಲರು, ಹಿಂದೆ ಕೋಟೆ ಗುಡ್ಡ. ಯಾವ ವರ್ಷ, ಯಾವ ಓಣಿ ಅಂತ ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದೇನೆ. "ಬರೇ ಹಮಾಲ ಅಂತ ಬರೀಬೇಡಪ್ಪ, ಅವನಿಗೊಂದು ಹೆಸರಿತ್ತು" ಅಂದರು ಮಾಮ. ನಿಜ ಅಲ್ವಾ? ಹೆಸರೂ ಬರೆದೆ.

ವಿವಿಯನ್ ಮೇಯರ್ ನೆನಪಾದರು. ಚಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಲೇ ಒಂದು ಲಕ್ಷಕ್ಕೂ ಜಾಸ್ತಿ ಫೋಟೋ ತೆಗೆದವರು. ಎಷ್ಟೋ ರೋಲ್ ತೊಳೆಸಿರಲೇ ಇಲ್ಲ. ಸಾಮಾನು ಇಟ್ಟಿದ್ದ ಗೋದಾಮಿನ ಬಾಡಿಗೆ ಬಾಕಿ ಉಳಿದು 2007ರಲ್ಲಿ ಅವರ ಪೆಟ್ಟಿಗೆಗಳು ಹರಾಜಾದವು. 2009ರಲ್ಲಿ ತೀರಿಕೊಂಡರು. ದೊಡ್ಡ ಪ್ರದರ್ಶನಗಳೆಲ್ಲ ಆಮೇಲೆಯೇ. ಅಷ್ಟೊತ್ತಿಗೆ ಕೇಳೋಣವೆಂದರೆ ಅವರೇ ಇರಲಿಲ್ಲ. ಅದೇ ನನಗೆ ತುಂಬಾ ಕಾಡುತ್ತದೆ.

ಮಾಮ ಎದುರಿಗೇ ಇದ್ದಾರೆ. ಇನ್ನೂ ಹನ್ನೊಂದು ರೋಲ್ ಬಾಕಿ.